ಅಂಗಡಿಯಲ್ಲಿ ಸಿಗದ ಹಲಗೆ

ಭಾಗ 1 / 10: ಮೈನಸ್ ಐದು

ಹೋದ ತಿಂಗಳ ಕ್ವಿಜ್ ನೆನಪಿದೆ ತಾನೇ? ಫೈನಲ್‌ನಲ್ಲಿ ನಮ್ಮ ಟೀಮ್ ಸೋತಿದ್ದು ನನ್ನಿಂದ ಅಂತ ಇಡೀ ಕ್ಲಾಸಿಗೆ ಗೊತ್ತು. ಪ್ರಶ್ನೆ ಹೀಗಿತ್ತು: ಸ್ನೋಬೋರ್ಡ್ ಕಂಡುಹಿಡಿದವರು ಯಾರು? ನಾನು ಬಜರ್ ಒತ್ತಿ "ಶರ್ಮನ್ ಪಾಪೆನ್" ಅಂದೆ. ಕ್ವಿಜ್ ಮಾಸ್ಟರ್ ಕೈಯಲ್ಲಿದ್ದ ಕಾರ್ಡ್ ನೋಡಿ "ತಪ್ಪು, ಜೇಕ್ ಬರ್ಟನ್" ಅಂದ್ರು. ನಾನು ಸುಮ್ನಿರಬೇಕಿತ್ತು. ಇರಲಿಲ್ಲ. ವಾದ ಮಾಡಿದೆ, ಮೈನಸ್ ಐದು ಬಿತ್ತು, ಕಪ್ ಪಕ್ಕದ ಬ್ರಾಂಚಿಗೆ ಹೋಯ್ತು. ಅವತ್ತು ಕ್ಯಾಂಟೀನ್‌ನಲ್ಲಿ ನನ್ನ ಟೇಬಲ್ಲಿಗೆ ಒಬ್ಬರೂ ಬಂದು ಕೂರಲಿಲ್ಲ.

ಸೇಡು ತೀರಿಸಿಕೊಳ್ಳೋಕೆ ಅಂತಲೇ ಈ ವಿಷಯ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಗಿದ್ದು ಎರಡು. ಒಂದು, ಅವರ ಕಾರ್ಡಿನಲ್ಲಿದ್ದ ಉತ್ತರ ತಪ್ಪು. ಎರಡು, ನನ್ನ ಉತ್ತರವೂ ತಪ್ಪು. ಈ ಎರಡನೆಯದನ್ನ ಒಪ್ಪಿಕೊಳ್ಳೋಕೆ ನನಗೆ ಒಂದು ವಾರ ಬೇಕಾಯ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಹಿಮ ನೋಡಿದವನಲ್ಲ. ಮನೆ ಫ್ರಿಜ್‌ನ ಫ್ರೀಜರ್ ಕೆರೆದಾಗ ಉದುರುತ್ತಲ್ಲ, ಅಷ್ಟೇ ನನ್ನ ಹಿಮದ ಅನುಭವ. ಆದ್ರೆ ಜಾರೋದು ಗೊತ್ತು. ಮಲೆನಾಡಿನವರಿಗೆ ಅಡಿಕೆ ಹಾಳೆ ಗೊತ್ತೇ ಇರುತ್ತೆ: ಒಬ್ಬರು ಹಾಳೆ ಮೇಲೆ ಕೂರೋದು, ಇನ್ನೊಬ್ಬರು ಸೋಗೆ ತುದಿ ಹಿಡಿದು ಎಳೆಯೋದು, ಅಂಗಳದ ಕೊನೆಯಲ್ಲಿ ಚಡ್ಡಿ ಹರಿಯೋದು, ಮನೆಗೆ ಹೋಗಿ ಬೈಸಿಕೊಳ್ಳೋದು. ಆ ಹಾಳೆಯನ್ನ ಯಾರು ಕಂಡುಹಿಡಿದರು ಅಂತ ಯಾರಾದ್ರೂ ಕ್ವಿಜ್‌ನಲ್ಲಿ ಕೇಳ್ತಾರಾ?

ಫೋಟೋಗಳ ಜಾಗದಲ್ಲಿರೋದೆಲ್ಲ ನನ್ನ ಪೆನ್ಸಿಲ್ ಸ್ಕೆಚ್. ಡ್ರಾಯಿಂಗ್ ಚೆನ್ನಾಗಿಲ್ಲ, ನಗಬೇಡಿ.

ಭಾಗ 2 / 10: ಕ್ರಿಸ್‌ಮಸ್ ದಿನದ ಮೊಳೆ

ನನ್ನ "ತಪ್ಪು" ಉತ್ತರದಿಂದಲೇ ಶುರು ಮಾಡ್ತೀನಿ. 1965, ಡಿಸೆಂಬರ್ 25. ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಅನ್ನೋ ಊರು. ದೊಡ್ಡ ಸರೋವರದ ದಂಡೆ, ಮರಳ ದಿಬ್ಬಗಳು, ಅದರ ಮೇಲೆ ಹಿಮ. ಶರ್ಮನ್ ಪಾಪೆನ್ ಅಲ್ಲಿನ ಒಬ್ಬ ಎಂಜಿನಿಯರ್. ಹೆಂಡತಿ ನ್ಯಾನ್ಸಿ ಬಸುರಿ. ಹಬ್ಬದ ದಿನ ಮನೆಯೊಳಗೆ ಹೆಣ್ಣುಮಕ್ಕಳ ಗಲಾಟೆ ತಡೆಯಲಾರದೆ, ಇವರನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ ಅಂತ ಗಂಡನಿಗೆ ಹೇಳಿದರು. ಇದು ಯಾವ ದೇಶದಲ್ಲಾದ್ರೂ ನಡೆಯೋ ಮಾತು.

ಪಾಪೆನ್ ಮನೆಯಲ್ಲಿದ್ದ ಮಕ್ಕಳ ಸ್ಕೀಗಳನ್ನ ತಗೊಂಡರು. ಸ್ಕೀ ಅಂದ್ರೆ ಗೊತ್ತಲ್ಲ, ಒಂದೊಂದು ಕಾಲಿಗೆ ಒಂದೊಂದು ಕಟ್ಟಿಕೊಳ್ಳೋ ಉದ್ದನೆ ಪಟ್ಟಿ. ಆ ಎರಡನ್ನ ಅಕ್ಕಪಕ್ಕ ಇಟ್ಟು, ಅಡ್ಡಪಟ್ಟಿ ಕೂರಿಸಿ ಜೋಡಿಸಿಬಿಟ್ಟರು. ಈಗ ಎರಡು ಪಟ್ಟಿ ಹೋಗಿ ಒಂದು ಹಲಗೆ ಆಯ್ತು. ಮಕ್ಕಳು ಅದರ ಮೇಲೆ ಪಕ್ಕಕ್ಕೆ ತಿರುಗಿ ನಿಂತು, ಸಮುದ್ರದ ಅಲೆ ಮೇಲೆ ಸರ್ಫಿಂಗ್ ಮಾಡೋರ ಥರ ದಿಬ್ಬ ಇಳಿದರು. ಸ್ನೋ ಮತ್ತು ಸರ್ಫರ್ ಸೇರಿಸಿ "ಸ್ನರ್ಫರ್" ಅಂತ ಹೆಸರಿಟ್ಟಿದ್ದು ನ್ಯಾನ್ಸಿ. ಬೀದಿ ಮಕ್ಕಳೆಲ್ಲ ನಮಗೂ ಬೇಕು ಅಂದ್ರು.

ಆಮೇಲೆ ಅದರ ಮುಂದಿನ ತುದಿಗೆ ಒಂದು ಹಗ್ಗ ಬಂತು, ಕುದುರೆ ಲಗಾಮಿನ ಹಾಗೆ ಹಿಡ್ಕೊಳ್ಳೋಕೆ. ಬೌಲಿಂಗ್ ಸಾಮಾನು ಮಾಡ್ತಿದ್ದ ಬ್ರನ್ಸ್‌ವಿಕ್ ಕಂಪನಿ ಹಕ್ಕು ತಗೊಂಡು ಸ್ನರ್ಫರ್ ಮಾರೋಕೆ ಶುರು ಮಾಡ್ತು. 1968ರಲ್ಲಿ ಪಾಪೆನ್‌ಗೆ ಪೇಟೆಂಟ್ ಸಿಕ್ತು. ಕಾಲಿಗೆ ಯಾವ ಪಟ್ಟಿಯೂ ಇಲ್ಲ, ಸುಮ್ಮನೆ ನಿಲ್ಲಬೇಕು, ಬೀಳಬೇಕು, ಎದ್ದು ಮತ್ತೆ ಹತ್ತಬೇಕು. ಬೆಲೆ ಕಡಿಮೆ. ಲಕ್ಷಗಟ್ಟಲೆ ಮಾರಾಟವಾಯ್ತು. ಅಂಗಡಿಯವರ ಪ್ರಕಾರ ಅದು ಆಟಿಕೆ, ಅಷ್ಟೇ.

ಪೇಟೆಂಟ್ ಇದೆ, ತಾರೀಖು ಇದೆ, ಹೆಸರು ಇದೆ. ನಾನು ಗೆದ್ದೆ ಅಂದ್ಕೊಂಡೆ.

ಭಾಗ 3 / 10: ಎಂಟನೇ ಕ್ಲಾಸಿನ ಹುಡುಗ

ಗೆಲುವು ಒಂದೇ ಸಂಜೆ ಉಳೀತು.

1963. ಪಾಪೆನ್‌ಗಿಂತ ಎರಡು ವರ್ಷ ಮೊದಲು. ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್. ಟಾಮ್ ಸಿಮ್ಸ್ ಅನ್ನೋ ಸ್ಕೇಟ್‌ಬೋರ್ಡ್ ಹುಚ್ಚಿನ ಹುಡುಗ. ಚಳಿಗಾಲದಲ್ಲಿ ರಸ್ತೆ ಮೇಲೆಲ್ಲ ಹಿಮ, ಸ್ಕೇಟ್‌ಬೋರ್ಡ್ ಆಡೋಕಾಗಲ್ಲ. ಅವನ ಶಾಲೆಯಲ್ಲಿ ಮರಗೆಲಸದ ಕ್ಲಾಸ್ ಇತ್ತು. ಅಲ್ಲಿ ಅವನು ಒಂದು ಹಲಗೆ ಕತ್ತರಿಸಿ, ಕಾಲು ಜಾರದ ಹಾಗೆ ಮೇಲ್ಗಡೆ ಕಾರ್ಪೆಟ್ ತುಂಡು ಅಂಟಿಸಿ, ಚೆನ್ನಾಗಿ ಜಾರಲಿ ಅಂತ ಕೆಳಗಡೆ ಅಲ್ಯೂಮಿನಿಯಂ ತಗಡು ಹೊಡೆದ. ಅದಕ್ಕೆ ಸ್ಕೀ ಬೋರ್ಡ್ ಅಂತ ಹೆಸರು. ಮುಂದೆ ಅದೇ ಹುಡುಗ ದೊಡ್ಡವನಾಗಿ ತನ್ನ ಹೆಸರಲ್ಲೇ ಕಂಪನಿ ಮಾಡಿದ.

ನಾವು ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ಟೀ-ಲ್ಯಾಪ್ ಜಾಯಿಂಟ್ ಮಾಡಿ, ಸೈನ್ ಹಾಕಿಸಿಕೊಂಡು, ಮೂಲೆಗೆ ಎಸೆದು ಬಂದ್ವಲ್ಲ, ಅದೇ ಥರದ ಕ್ಲಾಸು. ನಮ್ಮ ಜಾಯಿಂಟ್‌ಗಳು ಈಗೆಲ್ಲಿವೆ ಅಂತ ಕೇಳಬೇಡಿ. ಕ್ಯಾಂಟೀನ್ ಒಲೆಗೆ ಹೋಗಿರಬೇಕು.

ಸರಿ, ಹಾಗಾದ್ರೆ ಸಿಮ್ಸ್ ಮೊದಲಿಗನಾ? ಅದೂ ಅಲ್ಲ. 1929ರಲ್ಲೇ ಜ್ಯಾಕ್ ಬರ್ಚೆಟ್ ಅನ್ನೋನು ಪ್ಲೈವುಡ್ ತುಂಡಿಗೆ ಬಟ್ಟೆ ಒಣಗಿಸೋ ಹಗ್ಗ, ಕುದುರೆ ಲಗಾಮು ಕಟ್ಟಿ ಕಾಲು ಬಿಗಿದುಕೊಂಡು ಜಾರಿದ ಅಂತ ಕಥೆ ಇದೆ. ಇನ್ನು ಟರ್ಕಿ ದೇಶದ ರಿಜೆ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಪೆತ್ರಾನ್ ಅನ್ನೋ ಹಳ್ಳಿ. ಅಲ್ಲಿಯವರು ತಲೆತಲಾಂತರದಿಂದ ಮರದ ಹಲಗೆ ಮೇಲೆ ನಿಂತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹಿಮದ ಇಳಿಜಾರು ಇಳೀತಾರೆ. ಅವರಿಗೆ ಪೇಟೆಂಟೂ ಗೊತ್ತಿಲ್ಲ, ನಮ್ಮ ಕ್ವಿಜ್ಜೂ ಗೊತ್ತಿಲ್ಲ.

ಒಂದೇ ಹಲಗೆ, ನಾಲ್ಕು ಜಾಗ, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಇಲ್ಲಿಗೆ ನನ್ನ ಸೇಡಿನ ಉತ್ಸಾಹ ಇಳಿದು ಬೇರೆ ಕುತೂಹಲ ಹತ್ತಿತು. ಬೇಕಾದ ಸಾಮಾನು ಅಂಗಡಿಯಲ್ಲಿ ಇಲ್ಲದಾಗ ಜನ ಏನು ಮಾಡಿಕೊಂಡ್ರು? ಅದಕ್ಕೆ ಸ್ನೋಬೋರ್ಡ್ ಬಿಟ್ಟು ಅದರ ಅಜ್ಜ ಸ್ಕೀ ಹತ್ರ ಹೋಗಬೇಕು. ಅಂಗಡಿ ಅನ್ನೋದೇ ಇಲ್ಲದ ಕಾಲಕ್ಕೆ.

ಭಾಗ 4 / 10: ಕುದುರೆ ಕಾಲಿನ ಚರ್ಮ

ಇದು ಚಿಕ್ಕ ಭಾಗ.

1924ರಲ್ಲಿ ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಅನ್ನೋ ಕಡೆ ಕೆಸರು ನೆಲದಲ್ಲಿ ಕಾಲುವೆ ತೋಡುವಾಗ ಒಂದು ಜೊತೆ ಸ್ಕೀ, ಜೊತೆಗೆ ಒಂದು ಕೋಲು ಸಿಕ್ಕಿತು. ಉದ್ದ ಸುಮಾರು 2 ಮೀಟರ್. ವಯಸ್ಸು ಸುಮಾರು 5200 ವರ್ಷ. ಪಾದ ಇಡೋ ಜಾಗದಲ್ಲಿ ಬಾರು ತೂರಿಸೋಕೆ ತೂತುಗಳು. ಕೋಲಿನ ಒಂದು ತುದಿ ಸಲಿಕೆ ಥರ, ಹಿಮ ತೋಡೋಕೂ ಆಗುತ್ತೆ.

ಅದಕ್ಕಿಂತ ನನಗೆ ಇಷ್ಟವಾಗಿದ್ದು ಮಧ್ಯ ಏಷ್ಯಾದ ಅಲ್ತಾಯ್ ಬೆಟ್ಟಗಳು. ಚೀನಾ, ರಷ್ಯಾ, ಮಂಗೋಲಿಯಾ, ಕಜಕಸ್ತಾನ್ ಸೇರೋ ಜಾಗ. ಅಲ್ಲಿಯ ಬೇಟೆಗಾರರು ಇವತ್ತಿಗೂ ಸ್ಪ್ರೂಸ್ ಮರ ಸೀಳಿ, ಕೊಡಲಿಯಲ್ಲೇ ಕೆತ್ತಿ, ತುದಿಯನ್ನ ಬಿಸಿನೀರಲ್ಲಿ ಮೆದು ಮಾಡಿ ಬಗ್ಗಿಸಿ ಸ್ಕೀ ಮಾಡ್ತಾರೆ. ಕೊನೆಗೆ ತಳಕ್ಕೆ ಕುದುರೆ ಕಾಲಿನ ಚರ್ಮ ಹೊದಿಸ್ತಾರೆ, ರೋಮ ಹೊರಗೆ, ಹಿಂದಕ್ಕೆ ಮಲಗಿರೋ ಹಾಗೆ. ಬೆಕ್ಕಿನ ಬೆನ್ನನ್ನ ತಲೆಯಿಂದ ಬಾಲದ ಕಡೆ ಸವರಿ ನೋಡಿ, ನುಣ್ಣಗಿರುತ್ತೆ. ಬಾಲದಿಂದ ತಲೆ ಕಡೆ ಸವರಿದ್ರೆ ಕೈಗೆ ತಡೆ ಸಿಗುತ್ತೆ (ಆಮೇಲೆ ಬೆಕ್ಕು ಪರಚುತ್ತೆ). ಅದೇ ಲೆಕ್ಕ. ಮುಂದಕ್ಕೆ ಜಾರುತ್ತೆ, ಗುಡ್ಡ ಹತ್ತುವಾಗ ಹಿಂದಕ್ಕೆ ಜಾರಲ್ಲ. ಒಂದೇ ತಳದಲ್ಲಿ ಜಾರೋದೂ ಇದೆ, ಬ್ರೇಕೂ ಇದೆ. ಈಗ ಬೆಟ್ಟ ಹತ್ತುವ ಸ್ಕೀಗಾರರು ದುಡ್ಡು ಕೊಟ್ಟು ಕೊಳ್ಳೋ ನೈಲಾನ್ "ಸ್ಕಿನ್" ಕೆಲಸ ಮಾಡೋದೂ ಇದೇ ರೀತಿ. ಹೆಸರಲ್ಲಿ ಚರ್ಮ ಇನ್ನೂ ಉಳಿದಿದೆ ನೋಡಿ.

ಭಾಗ 5 / 10: ಸೊಂಟ ಇರೋ ಸ್ಕೀ

ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೊರ್ಗೆಡಾಲ್ ಹಳ್ಳಿ. ಸೊಂಡ್ರೆ ನೊರ್ಹೈಮ್ ಹುಟ್ಟಿದ್ದು 1825ರಲ್ಲಿ, ಸ್ವಂತ ಜಮೀನಿಲ್ಲದ ಬಡ ಗೇಣಿದಾರರ ಮನೆಯಲ್ಲಿ. ಆಗ ಸ್ಕೀಗೆ ಇದ್ದದ್ದು ಹೆಬ್ಬೆರಳ ಹತ್ತಿರ ಒಂದು ಪಟ್ಟಿ ಮಾತ್ರ. ಜಿಗಿದ್ರೆ ಚಪ್ಪಲಿ ಹಾರಿಹೋದ ಹಾಗೆ ಸ್ಕೀ ಹಾರಿಹೋಗ್ತಿತ್ತು. ಸೊಂಡ್ರೆ ಎಳೇ ಕೊಂಬೆ, ಬೇರುಗಳನ್ನ ಹುರಿ ಮಾಡಿ ಹಿಮ್ಮಡಿ ಸುತ್ತ ಬಿಗಿದ. ಕಾಲು ಮತ್ತು ಸ್ಕೀ ಒಟ್ಟಿಗೆ ತಿರುಗೋಕೆ ಶುರುವಾಯ್ತು.

ಅವನ ಇನ್ನೊಂದು ಕೆಲಸ ಇನ್ನೂ ದೊಡ್ಡದು. ಸ್ಕೀಯ ಎರಡು ತುದಿ ಅಗಲ, ನಡು ಸಣ್ಣ. ಅಂದ್ರೆ ಸ್ಕೀಗೆ ಸೊಂಟ. ಮೆಕ್ಯಾನಿಕಲ್‌ನವರು ಸ್ವಲ್ಪ ಗಮನ ಕೊಡಿ. ಪಟ್ಟಿಯ ಅಂಚು ನೇರವಾಗಿದ್ರೆ, ಅದನ್ನ ಓರೆ ಮಾಡಿದಾಗ ನೆಲ ಮುಟ್ಟೋದು ಒಂದು ನೇರ ಗೆರೆ. ಅಂಚು ಒಳಕ್ಕೆ ಬಾಗಿದ್ರೆ, ಓರೆ ಮಾಡಿ ಭಾರ ಹಾಕಿದಾಗ ನಡು ಕೆಳಗೆ ತಗ್ಗಿ ಇಡೀ ಅಂಚು ಒಂದು ಕಮಾನಾಗಿ ಹಿಮ ಕಚ್ಚುತ್ತೆ. ಸ್ಕೀ ತಾನಾಗಿಯೇ ತಿರುಗುತ್ತೆ. ಇವತ್ತಿನ ಬಹುತೇಕ ಸ್ಕೀ, ಸ್ನೋಬೋರ್ಡ್‌ಗಳಲ್ಲೂ ಆ ಸೊಂಟ ಇದೆ. ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಮಾಡಿ ನೋಡಿ, ನಾನು ಮಾಡಿ ನೋಡಿದೆ (ಸ್ಲೈಡ್ 2).

1868ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದ್ರೆ ಈಗಿನ ಓಸ್ಲೋದಲ್ಲಿ, ಸ್ಪರ್ಧೆ. 42 ವರ್ಷದ ಸೊಂಡ್ರೆ ಸುಮಾರು 200 ಕಿ.ಮೀ ಸ್ಕೀ ಮೇಲೇ ಹೋಗಿ, ತಾನೇ ಮಾಡಿದ ಸ್ಕೀಯಲ್ಲಿ ಇಳಿದು ಗೆದ್ದ. ಪಟ್ಟಣದವರು ಬಾಯಿ ಬಿಟ್ಟುಕೊಂಡು ನೋಡಿದರು.

ಅದರಿಂದ ಅವನ ಹೊಟ್ಟೆ ತುಂಬಲಿಲ್ಲ. 1884ರಲ್ಲಿ ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಹೋದ. ಕೊನೆಗೆ ನೆಲೆ ನಿಂತಿದ್ದು ನಾರ್ತ್ ಡಕೋಟಾದಲ್ಲಿ. ಅದು ಚಪಾತಿ ಮಣೆ ಥರ ಸಪಾಟಾದ ಬಯಲು. ಹಿಮ ಬೇಕಾದಷ್ಟು, ಇಳಿಯೋಕೆ ಗುಡ್ಡವೇ ಇಲ್ಲ. 1897ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ, ದಶಕಗಳ ಕಾಲ ಹಾಗೇ ಇತ್ತು. 1952ರ ಓಸ್ಲೋ ಒಲಿಂಪಿಕ್ಸ್ ಜ್ಯೋತಿ ಹೊತ್ತಿಸಿದ್ದು ಮಾತ್ರ ಮೊರ್ಗೆಡಾಲ್‌ನ ಅವನ ಹಳೇ ಮನೆಯ ಒಲೆಯಿಂದ.

ಭಾಗ 6 / 10: ಸಂಬಳ ಸಿಗದ ಅಂಚೆಯವನು

ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ ಇವನು. ಅವನೂ ಅದೇ ಟೆಲೆಮಾರ್ಕ್ ಸೀಮೆಯವನು, ಆದ್ರೆ ಸೊಂಡ್ರೆಗಿಂತ ಬಹಳ ಮೊದಲೇ ಊರು ಬಿಟ್ಟವನು. ಹುಟ್ಟಿದ್ದು 1827ರಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಮನೆಯವರ ಜೊತೆ ಅಮೆರಿಕಕ್ಕೆ ಬಂದ. ಅಲ್ಲಿ ಹೆಸರು ಜಾನ್ ಥಾಂಪ್ಸನ್ ಆಯ್ತು. ದೊಡ್ಡವನಾದ ಮೇಲೆ ಎಲ್ಲರ ಹಾಗೆ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಗೆ ಹೋದ. ಚಿನ್ನ ಹೇಳಿಕೊಳ್ಳೋ ಹಾಗೆ ಸಿಗಲಿಲ್ಲ.

ಆಗ ಕ್ಯಾಲಿಫೋರ್ನಿಯಾ ಮತ್ತು ಪೂರ್ವದ ಊರುಗಳ ಮಧ್ಯೆ ಸಿಯೆರಾ ನೆವಾಡಾ ಪರ್ವತ ಅಡ್ಡ ಇತ್ತು. ಚಳಿಗಾಲದಲ್ಲಿ ಹಿಮ ಆಳುದ್ದ ಬಿದ್ದು ದಾರಿ ಮುಚ್ಚಿಹೋಗ್ತಿತ್ತು. ಅಂಚೆ ಬಂದ್. ದಾಟುವ ಅಂಚೆಯವನು ಬೇಕು ಅನ್ನೋ ಸುದ್ದಿಯನ್ನ ಥಾಂಪ್ಸನ್ ಪತ್ರಿಕೆಯಲ್ಲಿ ನೋಡಿದ. ಸ್ಕೀ ಕೊಳ್ಳೋಣ ಅಂದ್ರೆ ಸುತ್ತಮುತ್ತ ಯಾರಿಗೂ ಸ್ಕೀ ಅಂದ್ರೆ ಏನಂತಲೇ ಗೊತ್ತಿಲ್ಲ. ಅವನು ಓಕ್ ಮರದ ಹಲಗೆ ತಗೊಂಡು, ಚಿಕ್ಕಂದಿನಲ್ಲಿ ನಾರ್ವೆಯಲ್ಲಿ ನೋಡಿದ್ದನ್ನ ನೆನಪು ಮಾಡಿಕೊಂಡು ತಾನೇ ಕೆತ್ತಿದ. ಹತ್ತು ವರ್ಷದ ಹುಡುಗನ ನೆನಪು ಅದು, ಸುಮಾರು ಹತ್ತೊಂಬತ್ತು ವರ್ಷ ಆದ್ಮೇಲೆ! ಉದ್ದ 3 ಮೀಟರ್, ಜೊತೆಯ ತೂಕ ಸುಮಾರು 11 ಕೆಜಿ. ಒಂದು ಅಕ್ಕಿ ಮೂಟೆಯ ಅರ್ಧದಷ್ಟು ಭಾರವನ್ನ ಕಾಲಿಗೆ ಕಟ್ಟಿಕೊಂಡು ಪರ್ವತ ಹತ್ತೋದು ಅಂದ್ಕೊಳ್ಳಿ.

1856ರ ಜನವರಿಯಲ್ಲಿ ಹೊರಟ. ಪ್ಲಾಸರ್‌ವಿಲ್‌ನಿಂದ ಆಚೆ ಬದಿಯ ಜಿನೋವಾ ಊರಿಗೆ ಸುಮಾರು 145 ಕಿ.ಮೀ. ಹೋಗೋಕೆ ಮೂರು ದಿನ, ವಾಪಸ್ ಬರೋಕೆ ಎರಡು. ಬೆನ್ನ ಮೇಲೆ ಕಾಗದಪತ್ರ, ಔಷಧಿ, ಯಾರೋ ಹೇಳಿಕಳಿಸಿದ ಸಾಮಾನು. ಕಂಬಳಿ ಒಯ್ಯುತ್ತಿರಲಿಲ್ಲ, ಯಾಕಂದ್ರೆ ಅದೂ ಭಾರವೇ. ತಿನ್ನೋಕೆ ಒಣಮಾಂಸ, ಬಿಸ್ಕತ್ತು. ಜನ ಅವನನ್ನ "ಸ್ನೋಶೂ ಥಾಂಪ್ಸನ್" ಅಂತ ಕರೆದರು. ಸ್ಕೀ ಅನ್ನೋ ಪದವೇ ಅಲ್ಲಿ ಇನ್ನೂ ಬಂದಿರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ದಾರಿಯ ಒಂದು ಗುಡಿಸಲಲ್ಲಿ ಜೇಮ್ಸ್ ಸಿಸನ್ ಅನ್ನೋನು ಕಾಲು ಹೆಪ್ಪುಗಟ್ಟಿ ಸಾಯೋ ಸ್ಥಿತಿಯಲ್ಲಿ ಬಿದ್ದಿದ್ದ. ಥಾಂಪ್ಸನ್ ಜಿನೋವಾಗೆ ಹೋಗಿ, ಜನ ಕರ್ಕೊಂಡು ಬಂದು, ಅವನನ್ನ ಜಾರುಬಂಡಿಯಲ್ಲಿ ಎಳೆದು ತಂದ. ಡಾಕ್ಟರು ಕಾಲು ಕತ್ತರಿಸಬೇಕು, ಆದ್ರೆ ಮಂಪರಿಗೆ ಕ್ಲೋರೋಫಾರ್ಮ್ ಇಲ್ಲ ಅಂದ್ರು. ಇವನು ಮತ್ತೆ ಸ್ಕೀ ಕಟ್ಟಿಕೊಂಡು, ಮತ್ತೆ ಪರ್ವತ ದಾಟಿ, ಕ್ಲೋರೋಫಾರ್ಮ್ ತಂದ. ಸಿಸನ್ ಬದುಕಿಕೊಂಡ.

ಸುಮಾರು 20 ಚಳಿಗಾಲ ಹೀಗೇ ಓಡಾಡಿದ. ಸರ್ಕಾರದಿಂದ ಸಂಬಳ? ಸಿಗಲಿಲ್ಲ. ಕೇಳೋಕೆ ವಾಷಿಂಗ್ಟನ್‌ವರೆಗೂ ಹೋದ. ಭರವಸೆ ಸಿಕ್ತು, ದುಡ್ಡು ಬರಲಿಲ್ಲ. 1876ರಲ್ಲಿ, 49ನೇ ವಯಸ್ಸಿಗೆ ತೀರಿಕೊಂಡ. ಜಿನೋವಾದಲ್ಲಿ ಅವನ ಸಮಾಧಿ ಕಲ್ಲಿನ ಮೇಲೆ ಒಂದು ಜೊತೆ ಸ್ಕೀ ಕೆತ್ತಿದ್ದಾರೆ. ಹೆಸರನ್ನ ಕೆತ್ತುವಾಗ ಮಾತ್ರ ಒಂದು ಅಕ್ಷರ ಬಿಟ್ಟಿದ್ದಾರೆ.

ಈ ಭಾಗ ಬರೆದ ರಾತ್ರಿ ನನಗೆ ನನ್ನ ಮೈನಸ್ ಐದು ಮರೆತೇ ಹೋಗಿತ್ತು.

ಭಾಗ 7 / 10: ಹಳೇ ಎಂಜಿನ್ ಆಯಿಲ್‌ನಲ್ಲಿ ಬೆಂದ ಸ್ಕೀ

ಈಗ ಎಪ್ಪತ್ತು ವರ್ಷ ಮುಂದೆ ಜಿಗಿಯೋಣ. ಈಗ ಸ್ಕೀ ಅಂಗಡಿಯಲ್ಲಿ ಸಿಗುತ್ತೆ. ಆದ್ರೆ ಮರದ್ದೇ. ಹಿಕರಿ ಅನ್ನೋ ಗಟ್ಟಿ ಮರ. ಭಾರ, ಉದ್ದ, ನೀರು ಕುಡಿದ್ರೆ ಸೊಟ್ಟ.

1947ರಲ್ಲಿ ಹೊವಾರ್ಡ್ ಹೆಡ್ ಅನ್ನೋ ವಿಮಾನ ಕಂಪನಿ ಎಂಜಿನಿಯರ್ ಮೊದಲ ಸಲ ಸ್ಕೀಯಿಂಗ್‌ಗೆ ಹೋದರು, ವರ್ಮಾಂಟ್ ರಾಜ್ಯದ ಸ್ಟೋವ್‌ಗೆ. ಚೆನ್ನಾಗಿ ಬಿದ್ದರು. ನಾವಾದ್ರೆ ನೆಲ ಡೊಂಕು ಅಂತೀವಿ, ಅವರು ಸ್ಕೀ ಡೊಂಕು ಅಂದ್ರು. ವಿಮಾನ ಕಟ್ಟೋ ಸಾಮಾನಿನಿಂದ ಇದಕ್ಕಿಂತ ಒಳ್ಳೇ ಸ್ಕೀ ಮಾಡ್ತೀನಿ ಅಂತ ವಾಪಸ್ ಬರುವಾಗ ರೈಲಿನಲ್ಲೇ ಜಂಬ ಕೊಚ್ಚಿಕೊಂಡರಂತೆ. ಬಂಡವಾಳ ಪೋಕರ್ ಆಟದಲ್ಲಿ ಗೆದ್ದು ಇಟ್ಟಿದ್ದ 6000 ಡಾಲರ್. (ಅಮ್ಮ ಈ ಪೇಜ್ ಫಾಲೋ ಮಾಡ್ತಾರೆ, ಅದಕ್ಕೇ ಹೇಳ್ತೀನಿ: ಈ ಭಾಗ ಅನುಕರಣೆಗೆ ಅಲ್ಲ.)

ಅವರ ಯೋಚನೆ ಸರಳ. ಹಲಗೆ ಬಾಗಿದಾಗ ಮೇಲಿನ ಪದರ ಒತ್ತಿಕೊಳ್ಳುತ್ತೆ, ಕೆಳಗಿನ ಪದರ ಎಳೆದುಕೊಳ್ಳುತ್ತೆ, ಮಧ್ಯಕ್ಕೆ ಹೆಚ್ಚು ಕೆಲಸವಿಲ್ಲ. ಹಾಗಾದ್ರೆ ಗಟ್ಟಿ ಸಾಮಾನು ಮೇಲೆ ಕೆಳಗೆ ಇದ್ರೆ ಸಾಕು, ಮಧ್ಯದಲ್ಲಿ ಹಗುರದ್ದು ತುಂಬಬಹುದು. ಕಟ್ಟಡದ ಐ-ಬೀಮ್ ನಿಂತಿರೋದೂ ಇದೇ ಲೆಕ್ಕದ ಮೇಲೆ. ಹೆಡ್ ಮೇಲೆ ಕೆಳಗೆ ತೆಳು ಅಲ್ಯೂಮಿನಿಯಂ, ನಡುವೆ ಜೇನುಗೂಡಿನ ಥರದ ಹಗುರ ತಿರುಳು ಇಟ್ಟು, ಅಂಟು ಹಾಕಿ, ರಬ್ಬರ್ ಚೀಲದಲ್ಲಿ ತುಂಬಿ ಗಾಳಿ ಎಳೆದು, ಹಳೇ ಎಂಜಿನ್ ಆಯಿಲ್ ಕಾಯಿಸಿದ ತೊಟ್ಟಿಯಲ್ಲಿ ಅದ್ದಿ ಬೇಯಿಸಿದರು. ನಮ್ಮೂರಲ್ಲಿ ಬಾಣಲೆಯಲ್ಲಿ ಬೋಂಡಾ ಬೇಯಿಸಿದ ಹಾಗೆಯೇ, ವಾಸನೆ ಮಾತ್ರ ಬೇರೆ.

ಮೊದಲ ಆರು ಜೊತೆ ತಗೊಂಡು ಸ್ಟೋವ್‌ಗೆ ಹೋದರು. ಆರೂ ಮುರಿದವು. ವಾಪಸ್ ಬಂದು ಇನ್ನಷ್ಟು ಮಾಡಿದರು. ಅವನ್ನೂ ಅಲ್ಲಿಯ ತರಬೇತುದಾರರು ಮುರಿದು ಕೊಟ್ಟರು. ನೀಲ್ ರಾಬಿನ್‌ಸನ್ ಅನ್ನೋ ಒಬ್ಬ ತರಬೇತುದಾರ ಮಾತ್ರ ಬೇಜಾರಿಲ್ಲದೆ ಪ್ರತಿ ಸಲವೂ ಹತ್ತಿ, ಇಳಿದು, ಮುರಿದು, ಎಲ್ಲಿ ಮುರೀತು ಅಂತ ಹೇಳ್ತಿದ್ದ. ಕೆಲಸ ಬಿಟ್ಟಾಗಿತ್ತು, ದುಡ್ಡು ಕರಗ್ತಿತ್ತು. ಜೇನುಗೂಡು ಹೋಗಿ ಪ್ಲೈವುಡ್ ತಿರುಳು ಬಂತು. ಅಂಚಿಗೆ ಉಕ್ಕು ಬಂತು. ತಳಕ್ಕೆ ಪ್ಲಾಸ್ಟಿಕ್ ಬಂತು. ಸುಮಾರು ನಲವತ್ತನೇ ಪ್ರಯತ್ನಕ್ಕೆ, 1950ರಲ್ಲಿ, ಮುರಿಯದ ಸ್ಕೀ ಬಂತು. ಅದನ್ನ ಹಾಕಿಕೊಂಡ್ರೆ ತಿರುಗೋದು ಎಷ್ಟು ಸುಲಭ ಆಯ್ತೆಂದ್ರೆ ಜನ ಅದಕ್ಕೆ "ಚೀಟರ್" ಅಂತ ಅಡ್ಡಹೆಸರಿಟ್ಟರು. 1969ರಲ್ಲಿ ಕಂಪನಿಯನ್ನ ಹೆಡ್ 1 ಕೋಟಿ 60 ಲಕ್ಷ ಡಾಲರಿಗೆ ಮಾರಿದರು.

ಎಲ್ಲರೂ ಹೆಡ್ ಬಗ್ಗೆ ಬರೀತಾರೆ. ನನಗೆ ಆ ರಾಬಿನ್‌ಸನ್ ಹೆಚ್ಚು ಕಾಡಿದ. ನಾವು ಮಾಡಿದ್ದನ್ನ ಹತ್ತು ಸಲ ಮುರಿದು, ಹನ್ನೊಂದನೇ ಸಲವೂ "ತಗೊಂಡು ಬಾರಪ್ಪಾ, ನೋಡೋಣ" ಅನ್ನೋ ಒಬ್ಬ ಫ್ರೆಂಡ್ ಎಷ್ಟು ಜನಕ್ಕಿದ್ದಾನೆ?

ಭಾಗ 8 / 10: ಕಾರ್ಡಿನಲ್ಲಿದ್ದ ಹೆಸರು

ಈಗ ಕ್ವಿಜ್ ಮಾಸ್ಟರ್ ಹೇಳಿದವನ ಸರದಿ.

ಜೇಕ್ ಬರ್ಟನ್ ಕಾರ್ಪೆಂಟರ್. (ಹೌದು, ಮನೆತನದ ಹೆಸರೇ ಬಡಗಿ. ನಾನು ಕಟ್ಟಿದ್ದಲ್ಲ.) ಹುಟ್ಟಿದ್ದು 1954. 14ನೇ ವಯಸ್ಸಿಗೆ ಅವನ ಕೈಗೊಂದು ಹಲಗೆ ಬಂತು. ಯಾವುದು ಹೇಳಿ? ಸ್ನರ್ಫರ್! ಪಾಪೆನ್ ಮಾಡಿದ ಅದೇ ಹಗ್ಗದ ಹಲಗೆ. ಎಲ್ಲರೂ ಆಡಿ ಬಿಟ್ಟರು, ಇವನು ಬಿಡಲಿಲ್ಲ. ಇದು ಆಟಿಕೆಯಲ್ಲ, ಇದೊಂದು ಕ್ರೀಡೆ ಆಗುತ್ತೆ, ಆದ್ರೆ ಕಂಪನಿ ಅದನ್ನ ಇನ್ನಷ್ಟು ಚೆನ್ನಾಗಿ ಮಾಡ್ತಿಲ್ಲ ಅನ್ನೋದು ಅವನ ಕೊರಗು.

1977ರಲ್ಲಿ, 23ನೇ ವಯಸ್ಸಿಗೆ, ನ್ಯೂಯಾರ್ಕಿನ ಕೆಲಸ ಬಿಟ್ಟು ವರ್ಮಾಂಟ್‌ನ ಲಂಡನ್‌ಡೆರಿಗೆ ಹೋದ. ಕೊಟ್ಟಿಗೆಯಂಥ ಜಾಗದಲ್ಲಿ ಹಲಗೆ ಕತ್ತರಿಸೋಕೆ ಶುರು. ಖರ್ಚಿಗೆ ರಾತ್ರಿ ಬಾರ್‌ನಲ್ಲಿ ಕೆಲಸ, ಬೇಸಿಗೆಯಲ್ಲಿ ಟೆನಿಸ್ ಹೇಳಿಕೊಡೋದು. ಸುಮಾರು ನೂರು ಮಾದರಿ ಮಾಡಿ ನೋಡಿದ. ಕೊನೆಗೆ ಮರದ ಪದರಗಳನ್ನ ಅಂಟಿಸಿದ ಹಲಗೆ, ಕಾಲಿಗೆ ಬಿಗಿಯೋ ಪಟ್ಟಿ. ಬೆಲೆ 88 ಡಾಲರ್. ಸ್ನರ್ಫರ್‌ಗಿಂತ ಎಷ್ಟೋ ಪಟ್ಟು. ಮೊದಲ ವರ್ಷ ಮಾರಾಟವಾಗಿದ್ದು ಸುಮಾರು 300. ಅಂಗಡಿ ಅಂಗಡಿಗೆ ಕಾರಲ್ಲಿ ಹೊತ್ತುಕೊಂಡು ಹೋಗಿ, ಅಷ್ಟನ್ನೂ ವಾಪಸ್ ತಂದ ದಿನಗಳಿದ್ದವು.

ಅದೇ ಹೊತ್ತಿಗೆ ಯೂಟಾ ರಾಜ್ಯದಲ್ಲಿ ಡಿಮಿಟ್ರಿಯೆ ಮಿಲೊವಿಚ್ ಸರ್ಫ್‌ಬೋರ್ಡ್ ಮಾಡೋ ರೀತಿಯಲ್ಲೇ, ಬಾಲ ಸೀಳಿದ ಹಲಗೆ ಮಾಡ್ತಿದ್ದ. ಪಶ್ಚಿಮದಲ್ಲಿ ನಮ್ಮ ಎಂಟನೇ ಕ್ಲಾಸ್ ಸಿಮ್ಸ್ ದೊಡ್ಡವನಾಗಿ ಮತ್ತೆ ಹಲಗೆ ಹಿಡಿದಿದ್ದ. 1977ರಲ್ಲೇ ವಾಷಿಂಗ್ಟನ್ ರಾಜ್ಯದಲ್ಲಿ ಮೈಕ್ ಓಲ್ಸನ್ ಅನ್ನೋ ಇನ್ನೊಬ್ಬ ಹುಡುಗ ಶಾಲೆಯ ವರ್ಕ್‌ಶಾಪ್‌ನಲ್ಲಿ ತನ್ನ ಮೊದಲ ಬೋರ್ಡ್ ಮಾಡಿದ. ಎಲ್ಲರಿಗೂ ಒಂದೇ ಹುಚ್ಚು, ಒಬ್ಬೊಬ್ಬರಿಗೆ ಒಂದೊಂದು ಶೆಡ್.

ಭಾಗ 9 / 10: ಒಬ್ಬನೇ ಓಡಿದ ರೇಸ್

1979. ಮಿಶಿಗನ್. ಗ್ರ್ಯಾಂಡ್ ರಾಪಿಡ್ಸ್ ಹತ್ತಿರದ ಪ್ಯಾಂಡೊ ಅನ್ನೋ ಕಡೆ ಸ್ನರ್ಫರ್ ಚಾಂಪಿಯನ್‌ಶಿಪ್. ಇದು ಪಾಪೆನ್ ಸೀಮೆ. ಎಲ್ಲರ ಕಾಲಡಿಯೂ ಅಂಗಡಿಯಿಂದ ತಂದ ಹಗ್ಗದ ಹಲಗೆ. ಅಲ್ಲಿಗೆ ಜೇಕ್ ದೂರದ ವರ್ಮಾಂಟ್‌ನಿಂದ ತಾನೇ ಮಾಡಿದ ಹಲಗೆ ಹಿಡ್ಕೊಂಡು ಬಂದ. ಅದಕ್ಕೆ ಕಾಲು ಬಿಗಿಯೋ ಪಟ್ಟಿ ಬೇರೆ.

ಗಲಾಟೆ ಆಯ್ತು. ಇದು ಸ್ನರ್ಫರ್ ಅಲ್ಲ, ಇವನು ಓಡೋ ಹಾಗಿಲ್ಲ ಅಂತ ತಕರಾರು. ನ್ಯಾಯವಾಗಿ ನೋಡಿದ್ರೆ ತಕರಾರು ಮಾಡಿದವರದ್ದೂ ಪೂರ್ತಿ ತಪ್ಪಲ್ಲ. ಕೇರಂ ಟೂರ್ನಮೆಂಟಿಗೆ ಯಾರೋ ತಾನೇ ಮಾಡಿದ ಸ್ಟ್ರೈಕರ್ ತಂದ್ರೆ ನಾವು ಬಿಡ್ತೀವಾ? ಆದ್ರೆ ಪಾಲ್ ಗ್ರೇವ್ಸ್ ಅನ್ನೋ ಆಟಗಾರ ಜೇಕ್ ಪರ ನಿಂತ. ಅವನು ಸ್ನರ್ಫರ್ ಆಡೋರಲ್ಲೇ ಹೆಸರು ಮಾಡಿದವನು. ಎದುರಾಳಿಯನ್ನ ಹೊರಗೆ ಹಾಕಿಸಿದ್ರೆ ಲಾಭ ಇಂಥವನಿಗೇ. ಆದರೂ ಅವನು ಮತ್ತು ಇನ್ನೂ ಕೆಲವರು, ಇವನನ್ನ ಓಡೋಕೆ ಬಿಡಿ ಅಂದ್ರು.

ಕೊನೆಗೆ ಆಯೋಜಕರು ಒಂದು ಉಪಾಯ ಮಾಡಿದರು. ಬದಲಾಯಿಸಿದ ಹಲಗೆಗಳಿಗೆ ಅಂತಲೇ "ಓಪನ್" ಅನ್ನೋ ಹೊಸ ವಿಭಾಗ. ಅದರಲ್ಲಿದ್ದ ಸ್ಪರ್ಧಿ ಒಬ್ಬನೇ. ಜೇಕ್ ಇಳಿದ. ಜೇಕ್ ಗೆದ್ದ.

ನಗು ಬರುತ್ತೆ ಅಲ್ವಾ? ಆದ್ರೆ ಸ್ನೋಬೋರ್ಡ್ ಅನ್ನೋ ಆಟಕ್ಕೆ ಬಾಗಿಲು ತೆರೆದಿದ್ದು ಆ ಒಂಟಿ ವಿಭಾಗದಲ್ಲಿ ಅಂತ ನನಗನಿಸುತ್ತೆ. ಕ್ವಿಜ್ ಮಾಸ್ಟರ್ ಕಾರ್ಡಿಗೂ ಇಷ್ಟು ಮರ್ಯಾದೆ ಕೊಡಲೇಬೇಕು: ಜೇಕ್ ಹಲಗೆಯನ್ನ ಕಂಡುಹಿಡಿಯಲಿಲ್ಲ, ಹಠ ಹಿಡಿದು ಅದನ್ನ ಬೆಟ್ಟಕ್ಕೆ ಸೇರಿಸಿದ.

ಸೇರಿಸೋದೂ ಸುಲಭವಾಗಿರಲಿಲ್ಲ. ಅಲ್ಲಿಯ ಸ್ಕೀ ರೆಸಾರ್ಟ್‌ಗಳು ಹಲಗೆಯವರನ್ನ ಒಳಗೇ ಬಿಡ್ತಿರಲಿಲ್ಲ. ವಿಮೆ ಇಲ್ಲ ಅನ್ನೋರು, ಪುಂಡರು ಅನ್ನೋರು. ಹುಡುಗರು ಹಲಗೆ ಹೊತ್ತು ನಡೆದೇ ಗುಡ್ಡ ಹತ್ತುತ್ತಿದ್ದರು. ವರ್ಮಾಂಟ್‌ನ ಸ್ಟ್ರಾಟನ್ ಬೆಟ್ಟ 1983ರಲ್ಲಿ ಬಾಗಿಲು ತೆರೀತು. 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಬಂತು. ಆಮೇಲೂ ಅಮೆರಿಕದ ಮೂರು ರೆಸಾರ್ಟ್‌ಗಳು, ಯೂಟಾದ ಆಲ್ಟಾ ಮತ್ತು ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್, ಸ್ಕೀಗೆ ಮಾತ್ರ ಪ್ರವೇಶ ಅಂತ ಪಟ್ಟು ಹಿಡಿದು ಕೂತವು.

ಪಾಪೆನ್ ತೀರಿಕೊಂಡಿದ್ದು 2019ರ ಜುಲೈನಲ್ಲಿ. ಜೇಕ್ ಹೋಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ಭಾಗ 10 / 10: ಫೈರ್ ಎಂಜಿನ್ ಪೈಪಿನ ಪ್ರೆಸ್

ಈಗ ಬೋರ್ಡ್ ಎಲ್ಲಾ ಕಡೆ ಸಿಗುತ್ತೆ, ಕಂಪನಿಗಳು ಬೇಕಾದಷ್ಟಿವೆ. ಆದರೂ ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳೋರು ನಿಂತಿಲ್ಲ. ಅವರು ಮಾಡೋ ರೀತಿ ನೋಡಿ ನಾನು ದಂಗಾದೆ.

ಮಧ್ಯದ ತಿರುಳಿಗೆ ಮರದ ಪಟ್ಟಿಗಳನ್ನ ಅಂಟಿಸಿ, ನಡು ದಪ್ಪ, ತುದಿ ತೆಳು ಬರೋ ಹಾಗೆ ಕೀಸ್ತಾರೆ. ತಳಕ್ಕೆ ಪಾಲಿಎಥಿಲೀನ್ ಹಾಳೆ, ಅದರ ಸುತ್ತ ಉಕ್ಕಿನ ಅಂಚು. ತಿರುಳಿನ ಮೇಲೆ ಕೆಳಗೆ ಎಪಾಕ್ಸಿಯಲ್ಲಿ ನೆನೆಸಿದ ಫೈಬರ್‌ಗ್ಲಾಸ್ ಬಟ್ಟೆ. ಹೆಡ್ ಅವರ ಅದೇ ಸ್ಯಾಂಡ್‌ವಿಚ್. ಇಷ್ಟನ್ನೂ ಬಾಗಿದ ಅಚ್ಚಿನ ಮೇಲಿಟ್ಟು, ಎಪಾಕ್ಸಿ ಗಟ್ಟಿಯಾಗೋವರೆಗೂ ಎಲ್ಲಾ ಕಡೆ ಒಂದೇ ಸಮ ಒತ್ತಬೇಕು. ಕಾರ್ಖಾನೆಯಲ್ಲಾದ್ರೆ ಅದಕ್ಕೆ ದೊಡ್ಡ ಪ್ರೆಸ್ ಇರುತ್ತೆ. ಗ್ಯಾರೇಜಿನವರು? ಫೈರ್ ಎಂಜಿನ್‌ನ ಬಟ್ಟೆ ಪೈಪು! ಎರಡು ತುದಿ ಬಿಗಿದು, ಅಚ್ಚಿನ ಮೇಲೆ ಹಾಸಿ, ಮೇಲಿಂದ ಉಕ್ಕಿನ ತೊಲೆಯ ಚೌಕಟ್ಟು ಕೂರಿಸಿ, ಕಂಪ್ರೆಸರ್‌ನಿಂದ ಗಾಳಿ ತುಂಬ್ತಾರೆ. ಪೈಪು ಉಬ್ಬಿ ಬೋರ್ಡನ್ನ ಒತ್ತುತ್ತೆ.

ಉಕ್ಕಿನ ತೊಲೆ ಯಾಕೆ ಬೇಕು ಅಂತ ಲೆಕ್ಕ ಹಾಕಿದೆ (ಸ್ಲೈಡ್ 4). ಬೋರ್ಡ್ 25 ಸೆಂ.ಮೀ ಅಗಲ, 150 ಸೆಂ.ಮೀ ಉದ್ದ ಅಂದ್ಕೊಳ್ಳಿ. 3750 ಚದರ ಸೆಂ.ಮೀ. ಗಾಳಿ 40 ಪಿಎಸ್‌ಐ, ಅಂದ್ರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 2.8 ಕೆಜಿ. ಗುಣಿಸಿ. ಹತ್ತು ಟನ್ ದಾಟುತ್ತೆ! ಮರದ ಚೌಕಟ್ಟಾದ್ರೆ ಸಿಡಿದು ಗೋಡೆಗೆ ಹೋಗುತ್ತೆ, ಪಕ್ಕ ನಿಂತವರ ಗತಿ ಕೇಳೋದೇ ಬೇಡ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಲ್ಲಿ ನನಗೆ ಜಸ್ಟ್ ಪಾಸ್ ಬಂದಿದ್ದು. ಈ ಒಂದು ಲೆಕ್ಕ ಮಾತ್ರ ಯಾರೂ ಹೇಳದೆ ಮಾಡಿದೆ.

ಇಷ್ಟೂ ಬರೆದಾದ ಮೇಲೆ ಕ್ವಿಜ್ ಕಮಿಟಿಗೆ ಮೆಸೇಜ್ ಹಾಕಿದೆ. ಐದು ಅಂಕ ವಾಪಸ್ ಕೇಳಲಿಲ್ಲ. ಮುಂದಿನ ವರ್ಷಕ್ಕೆ ಒಂದು ಪ್ರಶ್ನೆ ಕಳಿಸಿದ್ದೀನಿ, ಅಷ್ಟೇ. ನೀವು ಓದಿಬಿಟ್ಟಿರೋದ್ರಿಂದ ನಿಮಗೆ ಉತ್ತರ ಗೊತ್ತು, ಪಕ್ಕದ ಬ್ರಾಂಚಿನವರಿಗೆ ಹೇಳಬೇಡಿ:

1979ರ ಸ್ನರ್ಫರ್ ಚಾಂಪಿಯನ್‌ಶಿಪ್‌ನಲ್ಲಿ, ಮನೆಯಲ್ಲಿ ಮಾಡಿದ ಹಲಗೆಯವನನ್ನ ಓಡೋಕೆ ಬಿಡಿ ಅಂತ ಅವನ ಪರ ನಿಂತ ಆಟಗಾರ ಯಾರು?

#ಹಲಗೆಯಕಥೆ #ಸ್ನೋಬೋರ್ಡ್ #ಸ್ಕೀ #ವರ್ಕ್‌ಶಾಪ್ #ಮೈನಸ್‌ಐದು